ಸಲ್ಫೈಟ್ ಬಿಟ್ಟರೆ ಸಾವಯವ ವೈನ್ ಆಗುತ್ತದೆಯೇ? ತಿಕೋಟಾ ಕಡೆಯ ಬೆಳೆಗಾರರ ಪ್ರಶ್ನೆಗೆ ಉತ್ತರ

ಪ್ರಶ್ನೆ: ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮದು ಮೂರು ಎಕರೆ ದ್ರಾಕ್ಷಿ ಪಡ. ಡಾಗ್ರಿಡ್ಜ್ ತಳಿಯ ಬೇರಿನ ಮೇಲೆ ಕೆಂಪು ವೈನಿನ ಶಿರಾಜ್ ತಳಿ ಕಸಿ ಮಾಡಿದ್ದೇವೆ, ಬಳ್ಳಿಗೆ ಆರು ವರ್ಷ. ಮೂರು ವರ್ಷದಿಂದ ರಾಸಾಯನಿಕ ಪೂರ್ತಿ ಬಿಟ್ಟಿದ್ದೇವೆ, ಸಾವಯವ ಪ್ರಮಾಣಪತ್ರ ಈ ವರ್ಷ ಕೈಗೆ ಬರಬೇಕು. ಅಕ್ಟೋಬರ್ 20ಕ್ಕೆ ಚಾಟ್ನಿ (ಬಳ್ಳಿ ಸವರುವುದು) ಮಾಡಿ ಮಾರ್ಚ್ 14ಕ್ಕೆ ಕೊಯ್ದೆವು. ಪರಿಚಯದ ಲೈಸೆನ್ಸ್ ಇರುವ ವೈನರಿಯೊಂದರಲ್ಲಿ ಒಂದು ಟನ್ ಹಣ್ಣು ಹಾಕಿ ಟ್ರಯಲ್ ಮಾಡಿದೆವು. ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 24.5, ಪಿಎಚ್ (ಇದು ಏರಿದಷ್ಟೂ ಹುಳಿ ಕಡಿಮೆ) 3.85 ಇತ್ತು. ಯೀಸ್ಟ್ ಹಾಕಲಿಲ್ಲ, ಕೆಡದಂತೆ ಕಾಯುವ ಗಂಧಕದ ಸಂರಕ್ಷಕವಾದ ಸಲ್ಫೈಟೂ ಹಾಕಲಿಲ್ಲ. ನಾಲ್ಕು ದಿನ ಜೋರಾಗಿ ಹುದುಗು ಬಂತು, ಆಮೇಲೆ ಬ್ರಿಕ್ಸ್ 4ರ ಹತ್ತಿರ ನಿಂತುಹೋಯಿತು. ಎರಡು ವಾರ ಎಳೆದಾಡಿ ಹೇಗೋ ಮುಗಿಯಿತು. 650 ಲೀಟರ್ ವೈನನ್ನು 1,000 ಲೀಟರ್ ಟ್ಯಾಂಕಿನಲ್ಲಿಟ್ಟು ಜೂನ್‌ನಲ್ಲಿ ಬಾಟಲಿಗೆ ತುಂಬಿದೆವು. ಈಗ ಮೂಗಿಗೆ ನೇಲ್ ಪಾಲಿಶ್ ವಾಸನೆ, ಕುಡಿದು ನುಂಗಿದ ಮೇಲೆ ಬಾಯಲ್ಲಿ ಇಲಿ ಓಡಾಡಿದ ಹಳೇ ಧಾನ್ಯದ ಚೀಲದಂಥ ರುಚಿ. ತಪ್ಪು ಹಣ್ಣಿನ ಜೊತೆ ತಾನಾಗಿ ಬರುವ ಕಾಡು ಯೀಸ್ಟಿನದೇ? ಸಲ್ಫೈಟ್ ಹಾಕಿದರೆ ನಮ್ಮ ಸಾವಯವ ಹಕ್ಕು ಹೋಗುತ್ತದೆಯೇ? ಈ ವೈನನ್ನು ಏನು ಮಾಡಲಿ, ಬರುವ ಸಲ ಏನು ಬದಲಿಸಲಿ?

ಉತ್ತರ: ಮೂರು ವರ್ಷ ಬಳ್ಳಿಯನ್ನು ರಾಸಾಯನಿಕವಿಲ್ಲದೆ ಸಾಕಿ, ಕೊನೆಗೆ ಬಾಟಲಿ ತೆರೆದಾಗ ಈ ವಾಸನೆ ಬಂದರೆ ಎಷ್ಟು ನೋವಾಗುತ್ತದೆ ಎಂಬುದು ನಿಮ್ಮ ಪತ್ರದಲ್ಲಿ ಕಾಣುತ್ತದೆ. ನಿಮ್ಮ ಹಣ್ಣಿಗಾಗಲಿ ಸಾವಯವ ಪದ್ಧತಿಗಾಗಲಿ ಇದರಿಂದ ಕಳಂಕವೇನೂ ಬಂದಿಲ್ಲ. ಕೆಟ್ಟದ್ದಕ್ಕೆ ಕಾರಣ ನೀವೇ ಬರೆದ ಅಂಕಿಗಳಲ್ಲಿ ಇದೆ: ಪಿಎಚ್ 3.85, ಬ್ರಿಕ್ಸ್ 24.5, ಮಾರ್ಚ್ 14, ಮತ್ತು 650 ಲೀಟರ್ ವೈನಿಗೆ 1,000 ಲೀಟರ್ ಟ್ಯಾಂಕ್. ಕಾಡು ಯೀಸ್ಟನ್ನು ಈ ಪಟ್ಟಿಯಲ್ಲಿ ಕೊನೆಗೆ ಇಡುತ್ತೇನೆ.

ಮೊದಲು ಹಕ್ಕಿನ ಪ್ರಶ್ನೆ ಮುಗಿಸೋಣ. ಸಾವಯವ ವೈನ್ ಎಂದರೆ ಸಲ್ಫೈಟ್ ಇಲ್ಲದ ವೈನ್ ಎಂಬ ನಂಬಿಕೆ ಬಂದದ್ದು ಅಮೆರಿಕದ ನಿಯಮದಿಂದ. ಅಲ್ಲಿ ಲೇಬಲ್ಲಿನ ಮೇಲೆ ‘ಆರ್ಗ್ಯಾನಿಕ್ ವೈನ್’ ಎಂದು ಬರೆಯಬೇಕಾದರೆ ಸಲ್ಫೈಟ್ ಸೇರಿಸುವಂತಿಲ್ಲ. ‘ಸಾವಯವ ದ್ರಾಕ್ಷಿಯಿಂದ ಮಾಡಿದ್ದು’ ಎಂದು ಬರೆಯುವುದಾದರೆ ಒಟ್ಟು 100 ಪಿಪಿಎಂವರೆಗೆ (ಲೀಟರಿಗೆ ಸುಮಾರು 100 ಮಿಲಿಗ್ರಾಂ) ಅವಕಾಶವಿದೆ. ಯುರೋಪ್ 2012ರ ಕೊಯ್ಲಿನಿಂದ ಬೇರೆ ದಾರಿ ಹಿಡಿಯಿತು. ಅಲ್ಲಿ ಸಿಹಿ ಉಳಿಯದ ಸಾವಯವ ಕೆಂಪು ವೈನಿಗೆ ಲೀಟರಿಗೆ ಒಟ್ಟು 100 ಮಿಲಿಗ್ರಾಂ, ಬಿಳಿ ಮತ್ತು ರೋಸೆಗೆ (ತಿಳಿಗೆಂಪು ವೈನ್) 150 ಮಿಲಿಗ್ರಾಂ ಮಿತಿ. ಸಾಮಾನ್ಯ ವೈನಿಗಿಂತ ಇದು 50 ಮಿಲಿಗ್ರಾಂ ಕಡಿಮೆ. ಫ್ರಾನ್ಸಿನಲ್ಲಿ 2020ರಲ್ಲಿ ಮಾನ್ಯತೆ ಪಡೆದ ‘ವ್ಯಾಂ ಮೆತೋದ್ ನತ್ಯೂರ್’ ಎಂಬ ನೈಸರ್ಗಿಕ ವೈನಿನ ಗುರುತು ಯುರೋಪಿನ ಸಾವಯವ ನಿಯಮಕ್ಕಿಂತ ಬಿಗಿಯಾದದ್ದು. ಅದರಲ್ಲಿ ಕಾಡು ಯೀಸ್ಟ್ ಕಡ್ಡಾಯ, ಕೈಯಿಂದಲೇ ಕೊಯ್ಯಬೇಕು. ಅಂಥದ್ದರಲ್ಲೂ 30 ಮಿಲಿಗ್ರಾಂವರೆಗಿನ ಸಲ್ಫೈಟಿಗೆ ಒಂದು ಪ್ರತ್ಯೇಕ ಲೋಗೋ ಇಟ್ಟಿದ್ದಾರೆ. ಇನ್ನೊಂದು ವಿಷಯ: ಯೀಸ್ಟ್ ಹುದುಗಿಸುವಾಗ ತಾನೇ ಒಂದಿಷ್ಟು ಸಲ್ಫೈಟ್ ಹುಟ್ಟಿಸುತ್ತದೆ, ಸಾಮಾನ್ಯವಾಗಿ ಲೀಟರಿಗೆ 10ರಿಂದ 30 ಮಿಲಿಗ್ರಾಂ. ಹಾಗಾಗಿ ನೀವು ಏನೂ ಸೇರಿಸದಿದ್ದರೂ ಬಾಟಲಿಯಲ್ಲಿ ಸ್ವಲ್ಪ ಇದ್ದೇ ಇರುತ್ತದೆ. ನಮ್ಮ ದೇಶದಲ್ಲಿ 10 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕು.

ನಿಮ್ಮ ಪ್ರಮಾಣಪತ್ರದ ವಿಷಯದಲ್ಲಿ ಸಲ್ಫೈಟಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಎನ್‌ಪಿಒಪಿ (ಭಾರತದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಡಿಯಲ್ಲಿ ತೋಟಕ್ಕೆ ಸಿಗುವ ಪ್ರಮಾಣಪತ್ರ ದ್ರಾಕ್ಷಿಯವರೆಗೆ ಮಾತ್ರ. ವೈನನ್ನು ಸಾವಯವ ಎಂದು ಮಾರಬೇಕಾದರೆ ಅದನ್ನು ಸಂಸ್ಕರಿಸುವ ಘಟಕಕ್ಕೂ ಪ್ರಮಾಣಪತ್ರ ಬೇಕು. ಪರಿಚಯದ ವೈನರಿಯಲ್ಲಿ ಬೇರೆ ರೈತರ ಮಾಮೂಲಿ ಹಣ್ಣೂ ಅದೇ ಕ್ರಷರ್, ಅದೇ ಪೈಪಿನಲ್ಲಿ ಹೋಗುತ್ತದೆ ಎಂದಾದರೆ ನಿಮ್ಮ ಸರಪಳಿ ಅಲ್ಲೇ ತುಂಡಾಗುತ್ತದೆ. ನಿಮ್ಮ ಹಣ್ಣಿಗೆ ಬೇರೆ ದಿನ, ಅದಕ್ಕೂ ಮೊದಲು ತೊಳೆದ ದಾಖಲೆ, ಬೇರೆ ಟ್ಯಾಂಕ್, ಬೇರೆ ಲೆಕ್ಕದ ಪುಸ್ತಕ ಇರಬೇಕು. ಕೆಎಂಎಸ್ (ಸಲ್ಫೈಟ್ ಕೊಡುವ ಪುಡಿ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್), ಟಾರ್ಟಾರಿಕ್ ಆಮ್ಲ, ಯೀಸ್ಟ್, ಸೋಸುವ ಮಣ್ಣು, ಟ್ಯಾಂಕ್ ತೊಳೆಯುವ ಪುಡಿ ಎಲ್ಲವನ್ನೂ ಹೆಸರು ಮತ್ತು ಪ್ರಮಾಣದ ಸಮೇತ ಸಂಸ್ಕರಣಾ ಯೋಜನೆಯಲ್ಲಿ ಬರೆದು, ಕೊಯ್ಲಿಗೆ ಎರಡು ತಿಂಗಳ ಮೊದಲೇ ಪ್ರಮಾಣನ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ. ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯಿಂದ ಮಾಡಿಸುತ್ತಿದ್ದರೂ ಖಾಸಗಿ ಸಂಸ್ಥೆಯಿಂದ ಮಾಡಿಸುತ್ತಿದ್ದರೂ ಇದು ಬೇಕು. ಬಾಯಿಮಾತಿನ ‘ಹಾಕಬಹುದು’ ಲೆಕ್ಕಕ್ಕಿಲ್ಲ.

ಸಲ್ಫೈಟ್ ತಲೆನೋವು ತರುತ್ತದೆ ಎಂಬ ಮಾತೂ ನಿಮ್ಮ ನಿರ್ಧಾರದ ಹಿಂದೆ ಇರಬಹುದು. ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ನಿಜವಾಗಿಯೂ ಅಪಾಯ, ಲೇಬಲ್ ಇರುವುದು ಅವರಿಗಾಗಿ. ಉಳಿದವರ ತಲೆನೋವಿಗೆ ಸಲ್ಫೈಟೇ ಕಾರಣ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ನಿಮ್ಮದೇ ಜಿಲ್ಲೆಯಲ್ಲಿ ಗಂಧಕದ ಹೊಗೆ ಕೊಟ್ಟು ಹಳದಿ ಬಣ್ಣ ಬರಿಸಿದ ಒಣದ್ರಾಕ್ಷಿ ಸಿಗುತ್ತದಲ್ಲ, ಅದರ ಒಂದು ಹಿಡಿಯಲ್ಲಿ ಒಂದು ಗ್ಲಾಸ್ ವೈನಿಗಿಂತ ಹೆಚ್ಚು ಸಲ್ಫೈಟ್ ಇರಬಲ್ಲದು. ಇನ್ನೊಂದು ಕಡೆಯಿಂದ ನೋಡಿದರೆ, ಪಿಎಚ್ ಜಾಸ್ತಿಯಿದ್ದು ಬ್ಯಾಕ್ಟೀರಿಯಾ ಲಂಗುಲಗಾಮಿಲ್ಲದೆ ಬೆಳೆದ ವೈನಿನಲ್ಲಿ ಹಿಸ್ಟಮಿನ್‌ನಂಥ ಅಮೈನುಗಳು ಏರುತ್ತವೆ. ಸೂಕ್ಷ್ಮ ದೇಹದವರಿಗೆ ತೊಂದರೆ ಕೊಡುವ ಪದಾರ್ಥಗಳಲ್ಲಿ ಅವೂ ಸೇರಿವೆ. ಆರೋಗ್ಯಕ್ಕೆಂದು ಸಲ್ಫೈಟ್ ಬಿಟ್ಟು ಪಿಎಚ್ 3.85ರಲ್ಲಿ ವೈನ್ ಮಾಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು.

ಪಿಎಚ್ ಎಂಬ ಮೂಲ

ಸಲ್ಫೈಟ್ ವೈನಿನಲ್ಲಿ ಮೂರು ರೂಪದಲ್ಲಿ ಇರುತ್ತದೆ. ಒಂದು ಪಾಲು ಸಕ್ಕರೆ, ಬಣ್ಣ, ಅಸಿಟಾಲ್ಡಿಹೈಡ್‌ಗೆ ಕಟ್ಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಉಳಿದದ್ದು ಬಿಡಿ ಸಲ್ಫೈಟ್. ಅದರಲ್ಲೂ ಸೂಕ್ಷ್ಮಜೀವಿಯ ಗೋಡೆ ದಾಟಿ ಒಳಹೊಕ್ಕು ಕೊಲ್ಲುವುದು ಅಣುರೂಪದ ಒಂದು ಸಣ್ಣ ಭಾಗ ಮಾತ್ರ. ಆ ಭಾಗ ಎಷ್ಟು ಎಂಬುದನ್ನು ತೀರ್ಮಾನಿಸುವುದು ಪಿಎಚ್. ಕೆಂಪು ವೈನಿಗೆ ಅಣುರೂಪದ್ದು ಲೀಟರಿಗೆ 0.5 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು. ಅಷ್ಟು ಸಿಗಬೇಕಾದರೆ ಪಿಎಚ್ 3.4ರಲ್ಲಿ 20 ಮಿಲಿಗ್ರಾಂ ಬಿಡಿ ಸಲ್ಫೈಟ್ ಬೇಕು, 3.5ರಲ್ಲಿ 25, 3.6ರಲ್ಲಿ 31. ನಿಮ್ಮ 3.85ರಲ್ಲಿ 55, ಪಿಎಚ್ 4ಕ್ಕೆ ಹೋದರೆ 78 ಮಿಲಿಗ್ರಾಂ. ಬಿಡಿ ಸಲ್ಫೈಟ್ 55 ಇರಬೇಕೆಂದರೆ ಒಟ್ಟು 100 ದಾಟುವ ಸಂಭವವೇ ಹೆಚ್ಚು. ಅಂದರೆ ಯುರೋಪಿನ ಸಾವಯವ ಮಿತಿ ಮೀರಿತು. ಸಲ್ಫೈಟ್ ಕಡಿಮೆ ಇರಬೇಕು ಎಂಬ ಆಸೆ ಇರುವವರು ಮೊದಲು ಪಿಎಚ್ ಇಳಿಸುವ ಕೆಲಸ ಮಾಡಬೇಕು. ಆ ಕೆಲಸದ ಮುಕ್ಕಾಲು ಪಾಲು ತೋಟದಲ್ಲೇ ಇದೆ.

ಪಿಎಚ್ ಏರಿದ್ದು ಏಕೆ? ಒಂದು, ಬಿಸಿಲು. ಹಣ್ಣಿನ ಮ್ಯಾಲಿಕ್ ಆಮ್ಲವನ್ನು ಬಳ್ಳಿ ತನ್ನ ಉಸಿರಾಟಕ್ಕೆ ಸುಡುತ್ತದೆ, ಸೆಖೆ ಹೆಚ್ಚಾದಷ್ಟೂ ಬೇಗ. ನಂದಿ ಬೆಟ್ಟದ ಬುಡ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ವಿಜಯಪುರ 600ರ ಆಸುಪಾಸು. ನಂದಿಯ ಹತ್ತಿರದ ದೊಡ್ಡಬಳ್ಳಾಪುರ ಕಡೆಯ ವೈನರಿಯವರು ಹೇಳುವ ಕೊಯ್ಲಿನ ಲೆಕ್ಕ ನಿಮ್ಮಲ್ಲಿ ಹಾಗೇ ನಡೆಯುವುದಿಲ್ಲ. ಎರಡು, ಪೊಟ್ಯಾಷ್. ಒಣದ್ರಾಕ್ಷಿ ಬೆಳೆಯುವ ಊರಿನಲ್ಲಿ ಸಿಹಿ ಮತ್ತು ತೂಕಕ್ಕೆಂದು ಪೊಟ್ಯಾಷ್ ಸುರಿಯುವ ರೂಢಿ ಇದೆ. ಸಾವಯವಕ್ಕೆ ಬಂದವರು ಅದನ್ನೇ ಬೂದಿ, ಕುರಿಗೊಬ್ಬರ, ಡಿಸ್ಟಿಲರಿ ಸ್ಪೆಂಟ್‌ವಾಶ್ ಗೊಬ್ಬರದ ರೂಪದಲ್ಲಿ ಮುಂದುವರಿಸುತ್ತಾರೆ. ಹಣ್ಣಿಗೆ ಹೋದ ಪೊಟ್ಯಾಸಿಯಂ ಟಾರ್ಟಾರಿಕ್ ಆಮ್ಲವನ್ನು ಉಪ್ಪಾಗಿ ಕಟ್ಟಿ ತಳಕ್ಕೆ ಕೂರಿಸುತ್ತದೆ, ಪಿಎಚ್ ಏರುತ್ತದೆ. ಡಾಗ್ರಿಡ್ಜ್ ಬೇರು ಉಪ್ಪು ನೀರಿಗೂ ಬರಕ್ಕೂ ಒಗ್ಗುತ್ತದೆ, ಆದರೆ ಹುಲುಸಾಗಿ ಬೆಳೆದು ಪೊಟ್ಯಾಸಿಯಂ ಎಳೆಯುವುದರಲ್ಲೂ ಮುಂದು. ಬೇರನ್ನು ಈಗ ಬದಲಿಸಲಾಗದು, ಗೊಬ್ಬರವನ್ನು ಬದಲಿಸಬಹುದು. ಹೂ ಬಿಡುವ ಹೊತ್ತಿಗೆ ಎಲೆತೊಟ್ಟಿನ ಪರೀಕ್ಷೆ ಮಾಡಿಸಿ. ಪೊಟ್ಯಾಸಿಯಂ ಸಾಕಷ್ಟಿದ್ದರೆ ಕಾಯಿ ಬಣ್ಣ ತಿರುಗಿದ ಮೇಲೆ ಒಂದು ಹಿಡಿ ಬೂದಿಯೂ ಬೇಡ. ಮುಂದೆ ಇನ್ನೊಂದು ಎಕರೆ ನೆಡುವುದಿದ್ದರೆ 110ಆರ್ ಬೇರನ್ನು ನೋಡಿ.

ಮೂರನೆಯದು ಚಾಟ್ನಿಯ ದಿನಾಂಕ. ಅಕ್ಟೋಬರ್ 20ರಿಂದ ಮಾರ್ಚ್ 14ಕ್ಕೆ 145 ದಿನ. ಹಣ್ಣು ಮಾಗುವ ಕೊನೆಯ ಮೂರು ವಾರ ಫೆಬ್ರವರಿ ಕೊನೆಯ ಬಿಸಿಲಿಗೆ ಸಿಕ್ಕಿಬಿದ್ದವು. ಸೆಪ್ಟೆಂಬರ್ ಕೊನೆಯ ವಾರಕ್ಕೆ ಚಾಟ್ನಿ ಹಿಂದೆ ತಂದರೆ ಫೆಬ್ರವರಿ ನಡುವೆ ಕೊಯ್ಯಬಹುದು. ಆಗ ರಾತ್ರಿ ಇನ್ನೂ ತಂಪಿರುತ್ತದೆ, ಹುಳಿ ಉಳಿಯುತ್ತದೆ. ಇದಕ್ಕೂ ಬೆಲೆ ಇದೆ: ವಿಜಯಪುರಕ್ಕೆ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರಿನಲ್ಲಿ, ಚಿಗುರಿಗೆ ದಾವಣಿ (ಡೌನಿ ಮಿಲ್ಡ್ಯೂ) ರೋಗ ಅಂಟಿಕೊಳ್ಳುತ್ತದೆ. ಸಾವಯವದಲ್ಲಿ ಅದಕ್ಕಿರುವ ಮುಖ್ಯ ಮದ್ದು ತಾಮ್ರ ಒಂದೇ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಶೇ 1ರ ಬೋರ್ಡೋ ದ್ರಾವಣವನ್ನು ಎಕರೆಗೆ 400 ಲೀಟರ್ ಹೊಡೆದರೆ 4 ಕಿಲೊ ಮೈಲುತುತ್ತ ಹೋಯಿತು, ಅದರಲ್ಲಿ ಲೋಹದ ತಾಮ್ರ 1 ಕಿಲೊ. ಯುರೋಪಿನ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೊ. ಅಂದರೆ ಸರಾಸರಿ ವರ್ಷಕ್ಕೆ ಎಕರೆಗೆ 1.6 ಕಿಲೊ. ಎರಡು ಸಲ ಹೊಡೆದರೆ ಮಿತಿ ದಾಟಿದಿರಿ. ಆದ್ದರಿಂದ ಶೇ 0.5ರ ದ್ರಾವಣ, ಎಲೆ ಚಿಕ್ಕದಿರುವಾಗ ನೀರಿನ ಪ್ರಮಾಣವೂ ಕಡಿಮೆ, ಮಳೆಗೆ ಮೊದಲು ಹೊಡೆಯುವುದು, ಗೊಂಚಲ ಸುತ್ತ ಗಾಳಿ ಆಡುವಂತೆ ಎಲೆ ತೆಗೆಯುವುದು. ಮೂರೂ ಎಕರೆಗೆ ಒಂದೇ ಸಲ ಈ ಪ್ರಯೋಗ ಬೇಡ, ಈ ವರ್ಷ ಒಂದು ಎಕರೆಗೆ ಮಾಡಿ ನೋಡಿ. ಬೂದಿ ರೋಗಕ್ಕೆ ಹೊಡೆಯುವ ನೀರಿನಲ್ಲಿ ಕರಗುವ ಗಂಧಕವನ್ನು ಕೊಯ್ಲಿಗೆ 35 ದಿನ ಇರುವಾಗ ನಿಲ್ಲಿಸಿ. ಹಣ್ಣಿನ ಮೇಲೆ ಉಳಿದ ಗಂಧಕ ಟ್ಯಾಂಕಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯಾಗಿ ತಿರುಗಿ ಬರುತ್ತದೆ.

ಪತ್ರದಲ್ಲಿ ನೀವು ಬರೆಯದ ಒಂದು ಸಂಗತಿ ಇದ್ದೇ ಇರುತ್ತದೆ ಎಂದುಕೊಳ್ಳುತ್ತೇನೆ. ಸಾವಯವಕ್ಕೆ ಬಂದ ಮೇಲೆ ಚಾಟ್ನಿಯ ನಂತರ ಬಳ್ಳಿಯ ಕಣ್ಣಿಗೆ (ಚಿಗುರೊಡೆಯುವ ಮೊಗ್ಗಿಗೆ) ಡಾರ್ಮೆಕ್ಸ್ ಎಂಬ ರಾಸಾಯನಿಕ ಲೇಪಿಸುವುದು ನಿಂತಿರುತ್ತದೆ. ಚಳಿಗಾಲದ ನಿದ್ದೆಯಿಲ್ಲದ ನಮ್ಮ ನಾಡಿನಲ್ಲಿ ಆ ಲೇಪನವಿಲ್ಲದೆ ಕಣ್ಣುಗಳು ಒಟ್ಟಿಗೆ ಒಡೆಯುವುದಿಲ್ಲ. ಬೆಳ್ಳುಳ್ಳಿ ರಸವನ್ನು ಪರ್ಯಾಯವಾಗಿ ಬಳಸುತ್ತಾರೆ, ಕೆಲಸ ಮಾಡುತ್ತದೆ, ಆದರೆ ಅಷ್ಟು ಸಮವಾಗಿ ಅಲ್ಲ. ಫಲಿತಾಂಶ ಏನೆಂದರೆ ಒಂದೇ ಬಳ್ಳಿಯಲ್ಲಿ 20 ಬ್ರಿಕ್ಸಿನ ಗೊಂಚಲೂ 26 ಬ್ರಿಕ್ಸಿನ ಗೊಂಚಲೂ ಇರುತ್ತವೆ. ಕಡಿಮೆ ಇರುವುದು ಮಾಗಲಿ ಎಂದು ಕಾದರೆ ಹೆಚ್ಚಿರುವುದು ಬಾಡಿ ಪಿಎಚ್ ಹಾರುತ್ತದೆ. ಇದಕ್ಕೆ ಉತ್ತರ ಎರಡು ಕೊಯ್ಲು. ಮೊದಲ ಸುತ್ತು ಮುಂದಿರುವ ಗೊಂಚಲು 22ರಿಂದ 22.5 ಬ್ರಿಕ್ಸಿಗೆ ಬಂದಾಗ, ಎರಡನೆಯದು ಎಂಟು ಹತ್ತು ದಿನದ ಮೇಲೆ. 22 ಬ್ರಿಕ್ಸಿಗೆ ಮದ್ಯಾಂಶ ಶೇ 12.5ರ ಹತ್ತಿರ ಬರುತ್ತದೆ, ಚೊಕ್ಕ ವೈನಿಗೆ ಅದು ಧಾರಾಳ. ನಿಮ್ಮ 24.5 ಶೇ 14ರ ದಾರಿ, ಕಾಡು ಯೀಸ್ಟಿಗೆ ಅದು ಕಡಿದಾದ ಏರು.

ಟ್ಯಾಂಕಿನಲ್ಲಿ ನಡೆದದ್ದು

ಹಣ್ಣಿನ ಸಿಪ್ಪೆಯ ಮೇಲೆ ಹೆಚ್ಚಾಗಿ ಇರುವುದು ಹ್ಯಾನ್ಸೆನಿಯಾಸ್ಪೋರದಂಥ ನಿಂಬೆ ಆಕಾರದ ಯೀಸ್ಟುಗಳು. ಮೊದಲ ಎರಡು ಮೂರು ದಿನ ಅವುಗಳದ್ದೇ ರಾಜ್ಯ. ಮದ್ಯಾಂಶ ಶೇ 4ರಿಂದ 6 ತಲುಪಿದಾಗ ಅವು ಸಾಯುತ್ತವೆ, ಆಗ ವೈನಿನ ಮುಖ್ಯ ಯೀಸ್ಟಾದ ಸ್ಯಾಕರೊಮೈಸಿಸ್ ಹೊಣೆ ಹೊರಬೇಕು. ನೇಲ್ ಪಾಲಿಶ್ ವಾಸನೆಯ ಈಥೈಲ್ ಅಸಿಟೇಟನ್ನು ಹೆಚ್ಚಾಗಿ ಮಾಡುವುದು ಆ ಮೊದಲಿನ ಗುಂಪು. ಬಿಸಿ ಹಣ್ಣು, ಏರಿದ ಪಿಎಚ್, ಸಲ್ಫೈಟ್ ಇಲ್ಲ: ಮೂರೂ ಅವುಗಳಿಗೆ ಅನುಕೂಲ. ತಂಪು ಮಾಡದಿದ್ದರೆ ಪ್ರತಿ ಒಂದು ಬ್ರಿಕ್ಸ್ ಕರಗುವಾಗ ರಸದ ಉಷ್ಣತೆ ಸುಮಾರು 1.3 ಡಿಗ್ರಿ ಏರುತ್ತದೆ. 28 ಡಿಗ್ರಿಯ ಹಣ್ಣು ಹಾಕಿದ ಟ್ಯಾಂಕ್ ನಾಲ್ಕು ದಿನದಲ್ಲಿ 36 ದಾಟುವುದು ಸುಲಭ. ಆ ಸೆಖೆಯಲ್ಲಿ, ಅಷ್ಟು ಮದ್ಯದಲ್ಲಿ ಸ್ಯಾಕರೊಮೈಸಿಸ್‌ಗೆ ಉಸಿರು ಕಟ್ಟುತ್ತದೆ. ನಿಮ್ಮಲ್ಲಿ ಹುದುಗು ನಿಂತದ್ದು ಅಲ್ಲಿಯೇ. ಸಾರಜನಕದ ಕೊರತೆಯೂ ಸೇರಿರಬಹುದು. ರಸದಲ್ಲಿ ಯೀಸ್ಟ್ ಬಳಸಬಲ್ಲ ಸಾರಜನಕ ಲೀಟರಿಗೆ 140 ಮಿಲಿಗ್ರಾಂಗಿಂತ ಕೆಳಗಿದ್ದರೆ ಹುದುಗು ನಿಲ್ಲುವ ಅಪಾಯ ಇದ್ದೇ ಇದೆ. ಈ ಪರೀಕ್ಷೆಗೆ ಕಿಟ್ ಸಿಗುತ್ತದೆ.

ಹುದುಗು ನಿಂತ ಎರಡು ವಾರವೇ ಎಲ್ಲಕ್ಕಿಂತ ದುಬಾರಿ. ಇಂಗಾಲದ ಡಯಾಕ್ಸೈಡಿನ ಹೊದಿಕೆ ಹೋಯಿತು, ಮೇಲೆದ್ದ ಸಿಪ್ಪೆಯ ಪದರ ಒಣಗಿತು, ಹಣ್ಣಿನ ನೊಣ ಬಂದು ಕೂತಿತು. ನೊಣದ ಕಾಲಿನಲ್ಲಿ ವಿನೆಗರ್ ಬ್ಯಾಕ್ಟೀರಿಯಾ ಬರುತ್ತದೆ. ಒಳಗೆ ಉಳಿದ ಸಕ್ಕರೆಯನ್ನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಿಂದು ಅಸಿಟಿಕ್ ಆಮ್ಲ ಮಾಡಿತು. ಪಿಎಚ್ 3.5ರ ಕೆಳಗೆ ಅವು ಮೆಲ್ಲಗೆ ತೆವಳುತ್ತವೆ, 3.85ರಲ್ಲಿ ಓಡುತ್ತವೆ. ಆಮೇಲೆ ಮೂರು ತಿಂಗಳು ಟ್ಯಾಂಕಿನ ಮೂರನೇ ಒಂದು ಭಾಗ ಗಾಳಿ. ಇದೊಂದನ್ನು ಯಾವ ಸಿದ್ಧಾಂತವೂ ಸಮರ್ಥಿಸದು. ಸಲ್ಫೈಟ್ ಹಾಕುವವರೂ ಹಾಗೆ ಇಡಬಾರದು, ಹಾಕದವರಂತೂ ಒಂದು ದಿನವೂ ಇಡಬಾರದು.

ನುಂಗಿದ ಮೇಲೆ ಬರುವ ಇಲಿಯ ರುಚಿಗೆ ವೈನಿನವರು ಇಟ್ಟ ಹೆಸರೂ ಅದೇ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮತ್ತು ಬ್ರೆಟನೊಮೈಸಿಸ್ ಯೀಸ್ಟ್ ಅದನ್ನು ಹುಟ್ಟಿಸುತ್ತವೆ. ಆಮ್ಲಜನಕ, ಏರಿದ ಪಿಎಚ್ ಮತ್ತು ಸಲ್ಫೈಟಿನ ಅಭಾವ ದಾರಿ ಮಾಡಿಕೊಡುತ್ತವೆ. ವೈನಿನ ಹುಳಿಯಲ್ಲಿ ಆ ಪದಾರ್ಥ ಆವಿಯಾಗುವುದಿಲ್ಲ, ಅದಕ್ಕೇ ಮೂಗಿಗೆ ಸಿಗುವುದಿಲ್ಲ. ಬಾಯಲ್ಲಿ ಜೊಲ್ಲು ಬೆರೆತು ಹುಳಿ ಇಳಿದಾಗ ಮೇಲೇಳುತ್ತದೆ. ಎಲ್ಲರಿಗೂ ಅದು ಗೊತ್ತಾಗುವುದೂ ಇಲ್ಲ. ಆದ್ದರಿಂದ ಬಾಟಲಿಗೆ ತುಂಬುವ ಮೊದಲು ಒಂದು ಪರೀಕ್ಷೆ ಮಾಡುವ ರೂಢಿ ಇಟ್ಟುಕೊಳ್ಳಿ. 20 ಮಿಲಿ ವೈನಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕಲಕಿ ಮೂಸಿ. ದೋಷವಿದ್ದರೆ ಆಗ ಮೂಗಿಗೇ ಹೊಡೆಯುತ್ತದೆ.

ಈಗಿರುವ 650 ಲೀಟರ್

ಎರಡು ಬಾಟಲಿಯನ್ನು ಲ್ಯಾಬಿಗೆ ಕೊಟ್ಟು ಆವಿಯಾಗುವ ಆಮ್ಲ, ಉಳಿದ ಸಕ್ಕರೆ, ಪಿಎಚ್ ನೋಡಿಸಿ. ಆವಿಯಾಗುವ ಆಮ್ಲ ಲೀಟರಿಗೆ 0.8 ಗ್ರಾಂ ದಾಟಿದರೆ ಹೆಚ್ಚಿನವರ ನಾಲಿಗೆಗೆ ಸಿಗುತ್ತದೆ, ಯುರೋಪಿನಲ್ಲಿ ಕೆಂಪು ವೈನಿಗೆ 1.2 ಗ್ರಾಂ ಕಾನೂನಿನ ಅಂಚು. ನೀವು ಬರೆದ ವಾಸನೆಯ ತೀವ್ರತೆ ನೋಡಿದರೆ ಅದರ ಹತ್ತಿರವೇ ಇರಬಹುದು. ಇಲಿಯ ರುಚಿಯನ್ನು ತೆಗೆಯುವ ಸೋಸುವಿಕೆಯಾಗಲಿ ಮದ್ದಾಗಲಿ ಇಲ್ಲ. ಕೆಲವು ಬಾಟಲಿಗಳಲ್ಲಿ ವರ್ಷಗಳ ಮೇಲೆ ಅದು ಮಸುಕಾಗುವುದುಂಟು, ಅದನ್ನು ನಂಬಿ ಮಾರಬೇಡಿ. ಹೊಸ ವೈನಿಗೆ ಸ್ವಲ್ಪ ಸ್ವಲ್ಪ ಬೆರೆಸಿ ಮುಗಿಸೋಣ ಎಂಬ ಆಲೋಚನೆ ಬಂದರೆ ಅದನ್ನೂ ಬಿಡಿ, ಸೋಂಕೂ ಅದರ ಜೊತೆಗೇ ಹೋಗುತ್ತದೆ. ಭಟ್ಟಿ ಇಳಿಸಿದರೆ ಈಥೈಲ್ ಅಸಿಟೇಟ್ ಇನ್ನೂ ಸಾಂದ್ರವಾಗುತ್ತದೆ, ಅದಕ್ಕೆ ಬೇರೆ ಲೈಸೆನ್ಸೂ ಬೇಕು. ಉಳಿದ ದಾರಿ ವಿನೆಗರ್. ನೀರು ಬೆರೆಸಿ ಮದ್ಯಾಂಶವನ್ನು ಶೇ 7ರಿಂದ 8ಕ್ಕೆ ಇಳಿಸಿ, ಜೀವಂತ ವಿನೆಗರ್ ತಾಯಿ (ವಿನೆಗರ್ ಬ್ಯಾಕ್ಟೀರಿಯಾದ ಹೆಪ್ಪು) ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿ ಬಿಡಬೇಕು. ಆ ಹುಳಿಯಲ್ಲಿ ಇಲಿಯ ರುಚಿ ಮುಚ್ಚಿಹೋಗಬಹುದು. ವೈನರಿಯ ಕಟ್ಟಡದೊಳಗೆ ಮಾತ್ರ ಇದನ್ನು ಮಾಡಬೇಡಿ. ಆ ಕೆಲಸಕ್ಕೆ ಬಳಸಿದ ಡ್ರಮ್ಮು, ಪೈಪು ಮರಳಿ ವೈನಿನ ಕಡೆ ಬರಲೇಬಾರದು. ಅಬಕಾರಿ ಲೆಕ್ಕದಲ್ಲಿರುವ ವೈನಾದ್ದರಿಂದ ಮೊದಲು ಲೈಸೆನ್ಸ್‌ದಾರರ ಮೂಲಕ ಇಲಾಖೆಗೆ ತಿಳಿಸಿ.

ಬರುವ ಕೊಯ್ಲಿಗೆ

ನಿಮ್ಮ ಮುಂದೆ ಮೂರು ದಾರಿ ಇವೆ. ಮೂರೂ ಒಂದೇ ತಯಾರಿ ಕೇಳುತ್ತವೆ, ಅದನ್ನು ಮೊದಲು ಹೇಳುತ್ತೇನೆ.

ನಸುಕಿನ ನಾಲ್ಕಕ್ಕೆ ಕೊಯ್ಲು ಶುರುಮಾಡಿ ಎಂಟಕ್ಕೆ ನಿಲ್ಲಿಸಿ. ಕ್ರೇಟಿಗೆ 15 ಕಿಲೊ ಮೀರದಿರಲಿ, ತಳದ ಹಣ್ಣು ಒಡೆದರೆ ದಾರಿಯಲ್ಲೇ ಹುದುಗು ಶುರುವಾಗುತ್ತದೆ. ಹತ್ತಿರದ ಕೋಲ್ಡ್ ಸ್ಟೋರೇಜಿನಲ್ಲಿ ಒಂದು ರಾತ್ರಿ 10ರಿಂದ 12 ಡಿಗ್ರಿಗೆ ಇಟ್ಟು ಮರುದಿನ ಕ್ರಷರಿಗೆ ಹಾಕಿ. ವಿಜಯಪುರದಲ್ಲಿ ಒಣದ್ರಾಕ್ಷಿಗಾಗಿ ಕೋಲ್ಡ್ ಸ್ಟೋರೇಜುಗಳಿರುವುದು ನಿಮಗೆ ದೊಡ್ಡ ಅನುಕೂಲ, ಆದರೆ ಗಂಧಕದ ಹೊಗೆ ಕೊಟ್ಟ ಮಾಲಿನ ಕೋಣೆ ಬೇಡ. ಮೇಜಿನ ಮೇಲೆ ಹರಡಿ ಒಡೆದ, ಕಣಜ ಕಚ್ಚಿದ, ಹುಳಿ ವಾಸನೆಯ ಕಾಯಿ ತೆಗೆಯಿರಿ. ಸಲ್ಫೈಟ್ ಕಡಿಮೆ ಮಾಡುವ ವೈನರಿಯಲ್ಲಿ ಈ ಮೇಜಿಗಿಂತ ಮುಖ್ಯವಾದ ಯಂತ್ರವಿಲ್ಲ. ಪೈಪು, ಪಂಪು, ಕವಾಟಗಳನ್ನು 80 ಡಿಗ್ರಿಯ ಬಿಸಿನೀರು 20 ನಿಮಿಷ ಹರಿಸಿ ತೊಳೆಯಿರಿ. ಕವಾಟ ಬಿಚ್ಚದೆ ತೊಳೆದರೆ ತೊಳೆದಂತಲ್ಲ.

ರಸ ಕೈಗೆ ಬಂದ ಕೂಡಲೇ ಪಿಎಚ್ ನೋಡಿ. 3.6ಕ್ಕಿಂತ ಮೇಲಿದ್ದರೆ ಒಂದೊಂದು ಲೀಟರಿನ ನಾಲ್ಕು ಮಾದರಿ ತೆಗೆದು 0, 1, 2, 3 ಗ್ರಾಂ ಟಾರ್ಟಾರಿಕ್ ಆಮ್ಲ ಹಾಕಿ ಅಳೆಯಿರಿ. ಸಾಮಾನ್ಯವಾಗಿ ಲೀಟರಿಗೆ 1 ಗ್ರಾಂಗೆ 0.1 ಇಳಿಯುತ್ತದೆ, ಪೊಟ್ಯಾಸಿಯಂ ಹೆಚ್ಚಿರುವ ರಸದಲ್ಲಿ ಅಷ್ಟು ಇಳಿಯದು. ಗುರಿ 3.45ರಿಂದ 3.5. ಹುದುಗಿಗೆ ಮೊದಲೇ 3.65ರ ಕೆಳಗೆ ತರುವುದಕ್ಕೆ ಇನ್ನೊಂದು ಕಾರಣವಿದೆ. ಆ ಅಂಚಿನ ಕೆಳಗೆ ಟಾರ್ಟಾರಿಕ್ ಉಪ್ಪು ಹರಳುಗಟ್ಟಿ ತಳಕ್ಕೆ ಬಿದ್ದಂತೆ ಪಿಎಚ್ ಇನ್ನೂ ಇಳಿಯುತ್ತದೆ, ಮೇಲಿದ್ದರೆ ಅದೇ ಹರಳು ಪಿಎಚ್ ಏರಿಸುತ್ತದೆ. ಅಂಗಡಿಯ ಆಮ್ಲ ಬೇಡವೆನ್ನುವವರು ಬಣ್ಣ ತಿರುಗಿ ಎರಡು ವಾರವಾದಾಗ ಹತ್ತನೇ ಒಂದು ಭಾಗ ಹಣ್ಣನ್ನು ಮೊದಲೇ ಕೊಯ್ದು, ಆ ಹುಳಿ ರಸವನ್ನು ತಂಪಿನಲ್ಲಿಟ್ಟು ಬೆರೆಸಬಹುದು. ಕೆಲಸ ಹೆಚ್ಚು, ರುಚಿ ಚೆನ್ನ.

ಇನ್ನು ದಾರಿಗಳು. ಮೊದಲನೆಯದು ನೀವು ಹಿಡಿದದ್ದೇ: ಏನೂ ಸೇರಿಸದಿರುವುದು. ಪಿಎಚ್ 3.5ರ ಕೆಳಗೆ, ತಂಪು ಮಾಡುವ ಜಾಕೆಟ್ಟಿನ ಟ್ಯಾಂಕ್, ಗಾಳಿಗೆ ಜಾಗವಿಲ್ಲದ ತೇಲುವ ಮುಚ್ಚಳ, ಸಾಗಣೆಯಲ್ಲೂ ಅಂಗಡಿಯಲ್ಲೂ 16 ಡಿಗ್ರಿ ಮೀರದ ವ್ಯವಸ್ಥೆ, ಆರೆಂಟು ತಿಂಗಳಲ್ಲಿ ಮುಗಿಯುವ ಮಾರಾಟ: ಇಷ್ಟಿದ್ದರೆ ಆಗುತ್ತದೆ. ಬೇಸಿಗೆಯಲ್ಲಿ ಲಾರಿಯೊಳಗೆ 45 ಡಿಗ್ರಿ ಕಾಣುವ ಬಾಟಲಿಗೆ ಈ ದಾರಿ ಬೇಡ ಎಂದೇ ನನ್ನ ಅಭಿಪ್ರಾಯ. ಸಲ್ಫೈಟಿಲ್ಲದ ವೈನಿಗೆ ಗುರು ಎಂದು ಹೆಸರಾದ ಫ್ರಾನ್ಸಿನ ಬೋಜೊಲೇ ಪ್ರಾಂತ್ಯದ ಜೂಲ್ ಶೋವೆ ಸ್ವತಃ ರಸಾಯನಶಾಸ್ತ್ರ ಬಲ್ಲವರು, ಸೂಕ್ಷ್ಮದರ್ಶಕ ಇಟ್ಟುಕೊಂಡು ಯೀಸ್ಟ್ ನೋಡುತ್ತಿದ್ದವರು. ಅವರು ಸಲ್ಫೈಟ್ ಬಿಟ್ಟದ್ದು ಅಷ್ಟು ನಿಗಾ ಇಟ್ಟುಕೊಂಡು, ಅದೂ ನಮ್ಮದಕ್ಕಿಂತ ಬಹಳ ತಂಪಾದ ನಾಡಿನ ಹುಳಿ ಹಣ್ಣಿನಲ್ಲಿ.

ಎರಡನೆಯದನ್ನು ನಿಮಗೆ ಹೇಳುತ್ತೇನೆ: ಕಾಡು ಯೀಸ್ಟನ್ನೇ ಬಳಸಿ, ಆದರೆ ಮೊದಲೇ ಪಳಗಿಸಿ. ಮೊಸರಿಗೆ ಹೆಪ್ಪು ಹಾಕಿದಂತೆ ಇದು. ಮುಖ್ಯ ಕೊಯ್ಲಿಗೆ ಏಳೆಂಟು ದಿನ ಇರುವಾಗ ಒಂದು ಟನ್ನಿಗೆ 50 ಕಿಲೊ ಲೆಕ್ಕದಲ್ಲಿ ಅತ್ಯಂತ ಚೊಕ್ಕ ಹಣ್ಣು ಕೊಯ್ಯಿರಿ. ನಾಲ್ಕು ಫುಡ್‌ಗ್ರೇಡ್ ಬಕೆಟ್ಟಿನಲ್ಲಿ ಬೇರೆ ಬೇರೆಯಾಗಿ ಹಿಚುಕಿ, ಪಿಎಚ್ 3.3ಕ್ಕೆ ಇಳಿಸಿ, ಲೀಟರಿಗೆ 20 ಮಿಲಿಗ್ರಾಂ ಸಲ್ಫೈಟ್ ಹಾಕಿ. ಈ ಸಣ್ಣ ಪ್ರಮಾಣ ನಿಂಬೆ ಆಕಾರದ ಯೀಸ್ಟನ್ನೂ ವಿನೆಗರ್ ಬ್ಯಾಕ್ಟೀರಿಯಾವನ್ನೂ ಹಿಂದಕ್ಕೆ ತಳ್ಳುತ್ತದೆ, ಸ್ಯಾಕರೊಮೈಸಿಸ್ ತಡೆದುಕೊಳ್ಳುತ್ತದೆ. 24ರಿಂದ 26 ಡಿಗ್ರಿಯಲ್ಲಿಟ್ಟು ಬಟ್ಟೆ ಮುಚ್ಚಿ, ದಿನಕ್ಕೆ ಮೂರು ಸಲ ಸಿಪ್ಪೆ ಒತ್ತಿ. ಬ್ರಿಕ್ಸ್ 5ರಿಂದ 7ಕ್ಕೆ ಇಳಿದಾಗ ನಾಲ್ಕನ್ನೂ ಮೂಸಿ ನೋಡಿ. ನೇಲ್ ಪಾಲಿಶ್, ಕೊಳೆತ ಮೊಟ್ಟೆ, ಬೆವರಿನ ವಾಸನೆ ಬಂದದ್ದನ್ನು ಚೆಲ್ಲಿ. ಚೊಕ್ಕ ಇದ್ದದ್ದು ನಿಮ್ಮದೇ ಪಡದ ಯೀಸ್ಟ್. ಅದನ್ನು ಮುಖ್ಯ ಟ್ಯಾಂಕಿಗೆ ಹಾಕುವಾಗ ಎರಡರ ಉಷ್ಣತೆಯಲ್ಲಿ 8 ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ನಾಲ್ಕೂ ಕೆಟ್ಟರೆ ಏನು ಮಾಡುವುದು ಎಂಬುದಕ್ಕೆ ಅರ್ಧ ಕಿಲೊ ಒಣ ಯೀಸ್ಟ್ ಕಪಾಟಿನಲ್ಲಿರಲಿ.

ಮೂರನೆಯದು ಕೊಂಡ ಯೀಸ್ಟ್ ಹಾಕಿ, ಕ್ರಷರಿನಲ್ಲೇ 30 ಮಿಲಿಗ್ರಾಂ ಸಲ್ಫೈಟ್ ಕೊಟ್ಟು ಮಾಡುವುದು. ಕುಲಾಂತರಿ ಅಲ್ಲದ ಯೀಸ್ಟ್ ಸಾವಯವಕ್ಕೆ ವಿರುದ್ಧವಲ್ಲ. ಅಪಾಯ ಎಲ್ಲಕ್ಕಿಂತ ಕಡಿಮೆ, ನಿಮ್ಮ ನೆಲದ ಗುರುತು ಕೊಂಚ ಕಡಿಮೆಯಾಗಬಹುದು.

ಯಾವ ದಾರಿಯಾದರೂ ಟ್ಯಾಂಕಿನ ಉಷ್ಣತೆ 28 ಮೀರಬಾರದು. ಬೆಳಿಗ್ಗೆ ಸಂಜೆ ಬ್ರಿಕ್ಸ್ ಮತ್ತು ಉಷ್ಣತೆ ಬರೆಯಿರಿ. ಒಂದು ದಿನದಲ್ಲಿ 1 ಬ್ರಿಕ್ಸ್ ಕೂಡ ಇಳಿಯದಿದ್ದರೆ ಅಂದೇ ಕಾರಣ ಹುಡುಕಬೇಕು, ಎರಡು ವಾರ ಕಾಯುವಂತಿಲ್ಲ. ಸಕ್ಕರೆ ಲೀಟರಿಗೆ 2 ಗ್ರಾಂಗಿಂತ ಇಳಿದ ಮೇಲೆ ಮ್ಯಾಲಿಕ್ ಆಮ್ಲ ಲ್ಯಾಕ್ಟಿಕ್ ಆಗುವ ಎರಡನೇ ಹುದುಗು. ಅದು ನಡೆಯುವಾಗ ಸಲ್ಫೈಟ್ ಹಾಕುವಂತಿಲ್ಲ, ವೈನಿಗೆ ರಕ್ಷಣೆಯಿಲ್ಲದ ಹೊತ್ತು ಅದೇ. ಅದನ್ನು ಎಳೆಯಲು ಬಿಡದೆ ಈನೊಕೊಕಸ್ ಎಂಬ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಕಲ್ಚರ್ ಹಾಕಿ 20ರಿಂದ 22 ಡಿಗ್ರಿಯಲ್ಲಿ ಎರಡು ಮೂರು ವಾರದಲ್ಲಿ ಮುಗಿಸಿ. ಪೇಪರ್ ಕ್ರೊಮಟೋಗ್ರಫಿಯಲ್ಲಿ (ಕಾಗದದ ಮೇಲೆ ಆಮ್ಲಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಮ್ಯಾಲಿಕ್ ಚುಕ್ಕೆ ಮಾಯವಾದ ದಿನವೇ ಗಸಿ ಬಿಟ್ಟು ತಿಳಿ ಬಸಿದು, ಎರಡನೇ ಮೂರನೇ ದಾರಿಯವರು ಸಲ್ಫೈಟ್ ಕೊಡಿ. ಕೆಎಂಎಸ್‌ನಲ್ಲಿ ಶೇ 57ರಷ್ಟು ಸಲ್ಫರ್ ಡಯಾಕ್ಸೈಡ್. ಲೀಟರಿಗೆ 40 ಮಿಲಿಗ್ರಾಂ ಬೇಕಿದ್ದರೆ 1,000 ಲೀಟರಿಗೆ 70 ಗ್ರಾಂ. ಬಾಟಲಿಗೆ ಮೊದಲು ಅಳೆದು ಇನ್ನು 15 ಮಿಲಿಗ್ರಾಂ, ಅಂದರೆ 26 ಗ್ರಾಂ. ಎರಡನೇ ದಾರಿಯಲ್ಲಿ ಹೆಪ್ಪಿನ ಮೂಲಕ ಬಂದದ್ದು, ಯೀಸ್ಟ್ ಹುಟ್ಟಿಸಿದ್ದು ಸೇರಿಸಿದರೂ ಒಟ್ಟು 90ರೊಳಗೆ ನಿಲ್ಲುತ್ತದೆ; ಮೂರನೆಯದರಲ್ಲಿ ಕ್ರಷರಿನ 30 ಸೇರಿ 100 ದಾಟಬಹುದು, ಒಟ್ಟು ಅಳೆದೇ ಹಾಕಿ. ತೆರೆದ ಕೆಎಂಎಸ್ ಪ್ಯಾಕೆಟ್ ಮಳೆಗಾಲ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಪ್ರತಿ ಕೊಯ್ಲಿಗೂ ಹೊಸದು ತನ್ನಿ. ಬಿಡಿ ಸಲ್ಫೈಟ್ ಅಳೆಯಲು ಅಯೋಡಿನ್ ಪದ್ಧತಿ ಕೆಂಪು ವೈನಿನಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಗಾಳಿ ಹಾಯಿಸಿ ಅಳೆಯುವ ವಿಧಾನ ಬೇಕೆಂದು ಲ್ಯಾಬಿನವರಿಗೆ ಹೇಳಿ.

650 ಲೀಟರ್ ವೈನಿಗೆ ಒಂದು 500 ಲೀಟರ್ ಟ್ಯಾಂಕ್, ಒಂದು 100 ಲೀಟರ್ ಟ್ಯಾಂಕ್, ಉಳಿದದ್ದಕ್ಕೆ ಕ್ಯಾನು. ಎಲ್ಲವೂ ಕತ್ತಿನವರೆಗೆ ತುಂಬಿರಬೇಕು, ಹದಿನೈದು ದಿನಕ್ಕೊಮ್ಮೆ ಸಣ್ಣದರಿಂದ ದೊಡ್ಡದಕ್ಕೆ ತುಂಬಿಸುತ್ತಾ ಬನ್ನಿ. ಈ ವರ್ಷವೂ ಒಂದು ಟನ್ನಿನಲ್ಲೇ ನಿಲ್ಲಿ, ಮೂರು ಎಕರೆಯ ಉಳಿದ ಹಣ್ಣನ್ನು ಮಾರಿಬಿಡಿ. ಆ ಟನ್ನಿನಲ್ಲಿ ಮುಕ್ಕಾಲು ಪಾಲು ಎರಡನೇ ದಾರಿಗೆ, ಕಾಲು ಪಾಲು ಮೂರನೇ ದಾರಿಗೆ ಹಾಕಿ. ಆರು ತಿಂಗಳ ಮೇಲೆ ಎರಡನ್ನೂ ಲೇಬಲ್ ಇಲ್ಲದ ಗ್ಲಾಸಿನಲ್ಲಿ ಪಕ್ಕಪಕ್ಕ ಇಟ್ಟು, ಒಂದೊಂದು ಚಿಟಿಕೆ ಸೋಡಾ ಪರೀಕ್ಷೆಯನ್ನೂ ಮಾಡಿ, ಮುಂದಿನ ವರ್ಷದ ಪ್ರಮಾಣವನ್ನು ಆಗ ತೀರ್ಮಾನಿಸಿ. ಚಾಟ್ನಿಗೆ ಮೊದಲು ಎಲೆತೊಟ್ಟಿನ ಮತ್ತು ಮಣ್ಣಿನ ಹಳೆಯ ವರದಿಗಳಿದ್ದರೆ ಕಳುಹಿಸಿ, ಯಾವ ಎಕರೆಯನ್ನು ಸೆಪ್ಟೆಂಬರ್ ಚಾಟ್ನಿಗೆ ಇಡಬಹುದೆಂದು ನೋಡೋಣ.